ಹಳಿ, ಹಲಗೆ, ಮೊಳೆ



ಕಳೆದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 1979ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸದಲ್ಲಿ ನನ್ನೊಡನೆಯೇ ನೋಡಿದ್ದೀರಿ. ಬಂದವರೆಲ್ಲರೂ ಮಹಾರಾಜರ ಬೋಗಿಯ ಮುಂದೆ ನಿಂತು ಬೆರಗಾಗುತ್ತಿದ್ದರೆ, ನನ್ನ ಮೊಮ್ಮಗಳು ಒಂದು ಹಳೆಯ ಉಗಿಯಂತ್ರದ ಗಾಲಿಯ ಕೆಳಗೆ ಬಗ್ಗಿ ನೋಡಿ, “ತಾತ, ಇಷ್ಟು ಭಾರ ಓಡುವಾಗ ಕಂಬಿ ಪಕ್ಕಕ್ಕೆ ಸರಿದುಹೋಗದಂತೆ ಹಿಡಿದುಕೊಂಡಿರುವುದು ಯಾವುದು?” ಎಂದು ಕೇಳಿದಳು. ಮೂವತ್ತೈದು ವರ್ಷ ಇತಿಹಾಸ ಪಾಠ ಹೇಳಿದ ನನಗೆ ಯಾವ ವಿದ್ಯಾರ್ಥಿಯೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಕೇಳದೆಯೇ ಉತ್ತರ ಬರೆದವನು ಮಾತ್ರ ಒಬ್ಬನಿದ್ದ. ಅವನ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಆಗಿನ ಮೈಸೂರು ಸಂಸ್ಥಾನದ ಬಹುಭಾಗಕ್ಕೆ ರೈಲು ಬಂದದ್ದು ಕ್ಷಾಮದ ಬೆನ್ನಿಗೆ. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿನವರೆಗೆ ರೈಲು ಬಂದಿತ್ತು. ಆದರೆ ಮೈಸೂರಿಗೆ ಬರಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ನಡುಗುತ್ತ ನೆನೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ, ಹಸಿದವರಿಗೆ ಕೂಲಿ ಒದಗಿಸುವ ಪರಿಹಾರ ಕಾರ್ಯವಾಗಿ ಬೆಂಗಳೂರು-ಮೈಸೂರು ಮಾರ್ಗದ ಮಣ್ಣಿನ ಕೆಲಸ ನಡೆಯಿತು. 1881ರಲ್ಲಿ ಆ ಮಾರ್ಗದ ಮೊದಲ ಭಾಗವೂ 1882ರಲ್ಲಿ ಮೈಸೂರಿನವರೆಗಿನ ಭಾಗವೂ ತೆರೆದವು. 1891ರಲ್ಲಿ ಅದು ನಂಜನಗೂಡಿಗೆ ಮುಂದುವರಿಯಿತು. 1926ರಲ್ಲಿ ಚಾಮರಾಜನಗರವನ್ನು ಮುಟ್ಟಿತು. ಇವೆಲ್ಲವೂ ಒಂದು ಮೀಟರು ಅಗಲದ ಮೀಟರ್ ಗೇಜ್ ಮಾರ್ಗಗಳು. ನಂಜನಗೂಡಿನ ಬಳಿ ಕಪಿಲೆಯನ್ನು ದಾಟಲು ಎಂಜಿನಿಯರುಗಳು ಆಗ ಹೊಸ ಸೇತುವೆಯನ್ನು ಕಟ್ಟಲಿಲ್ಲ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದುದೆಂದು ಪ್ರಸಿದ್ಧವಾಗಿರುವ ಕಲ್ಲಿನ ಕಮಾನು ಸೇತುವೆಯ ಮೇಲೆಯೇ ಗಾಡಿರಸ್ತೆಯ ಪಕ್ಕದಲ್ಲಿ ಹಳಿಯನ್ನು ಹಾಯಿಸಿದರು. ಎತ್ತಿನ ಗಾಡಿಗಾಗಿ ಕಟ್ಟಿದ ಸೇತುವೆ ನೂರಕ್ಕೂ ಹೆಚ್ಚು ವರ್ಷ ರೈಲನ್ನು ಹೊತ್ತಿತು.

ಮೊಮ್ಮಗಳ ಪ್ರಶ್ನೆಗೆ ಬರೋಣ. ರೈಲು ಹಳಿಯು ನೆಲದ ಮೇಲೆ ನೇರವಾಗಿ ಮಲಗಿರುವುದಿಲ್ಲ. ಅದರ ಕೆಳಗೆ ಅಡ್ಡಲಾಗಿ ದಿಮ್ಮಿಗಳಿರುತ್ತವೆ. ಇವನ್ನೇ ಸ್ಲೀಪರು ಎನ್ನುತ್ತಾರೆ. ಮೀಟರ್ ಗೇಜಿನ ಮರದ ಸ್ಲೀಪರು ಸುಮಾರು ಆರು ಅಡಿ ಉದ್ದ, ಎಂಟು ಅಂಗುಲ ಅಗಲ, ನಾಲ್ಕೂವರೆ ಅಂಗುಲ ದಪ್ಪ. ಅದರ ಕೆಳಗೆ ಜಲ್ಲಿ. ಗಾಲಿಯ ಭಾರ ಹಳಿಗೆ, ಹಳಿಯಿಂದ ಸ್ಲೀಪರಿಗೆ, ಸ್ಲೀಪರಿನಿಂದ ಜಲ್ಲಿಗೆ, ಜಲ್ಲಿಯಿಂದ ಭೂಮಿಗೆ ಹಂಚಿಹೋಗುತ್ತದೆ. ಆದರೆ ಸ್ಲೀಪರಿಗೆ ಇನ್ನೊಂದು ಕರ್ತವ್ಯವೂ ಇದೆ: ಎರಡು ಹಳಿಗಳ ನಡುವಣ ಅಂತರವನ್ನು ಕಾಯುವುದು. ಆ ಅಂತರ ಸ್ವಲ್ಪ ಹಿಗ್ಗಿದರೂ ಗಾಲಿ ಒಳಗೆ ಕುಸಿಯುವ ಅಪಾಯ. ಅಂತರವನ್ನು ಮರ ಕಾಯಬೇಕಾದರೆ ಹಳಿ ಮರವನ್ನು ಬಿಟ್ಟು ಕದಲಬಾರದು. ಹಾಗೆ ಕದಲದಂತೆ ಹಿಡಿಯುವುದು ಮೊಳೆ.

ಈ ಮೊಳೆಯ ಕಥೆ ಸ್ವಾರಸ್ಯವಾದುದು. ಮೊದಲ ಕಾಲದ ರೈಲುಮಾರ್ಗಗಳಲ್ಲಿ ಅನೇಕವು ಕಲ್ಲಿನ ತುಂಡುಗಳ ಮೇಲೆ ಹಳಿಯನ್ನು ಕೂರಿಸುತ್ತಿದ್ದವು. ಅಮೆರಿಕದ ನ್ಯೂಜೆರ್ಸಿಯಲ್ಲಿ ಕ್ಯಾಮ್ಡನ್ ಮತ್ತು ಆಂಬೋಯ್ ರೈಲುಮಾರ್ಗವನ್ನು ನಿರ್ಮಿಸುತ್ತಿದ್ದ ರಾಬರ್ಟ್ ಸ್ಟೀವನ್ಸ್ ಎಂಬ ಎಂಜಿನಿಯರು 1830ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ, ಮರದ ತುಂಡನ್ನು ಚಾಕುವಿನಿಂದ ಕೆತ್ತಿ, ಅಡಿ ಚಪ್ಪಟೆಯಾಗಿರುವ ಹಳಿಯೊಂದರ ಮಾದರಿಯನ್ನು ಮಾಡಿದನೆಂದು ಹೇಳುತ್ತಾರೆ. ಇಂದು ಲೋಕದ ಎಲ್ಲೆಡೆ ಕಾಣುವುದು ಅದೇ ಬಗೆಯ ಹಳಿ. ಅದರ ಚಪ್ಪಟೆಯಾದ ಪಾದವನ್ನು ಅಂಚಿನಲ್ಲಿ ಕೊಕ್ಕೆಯಂತೆ ಹಿಡಿಯುವ ಬಾಗುತಲೆಯ ಮೊಳೆಯನ್ನೂ ಅವನೇ ಬಳಕೆಗೆ ತಂದನು. ಸಾಕಷ್ಟು ಕಲ್ಲು ಒದಗದೆ ಹೋದಾಗ ಅನಿವಾರ್ಯವಾಗಿ ಮರದ ದಿಮ್ಮಿಗಳನ್ನು ಹಾಕಿದರು. ಕಲ್ಲಿಗಿಂತ ಮರವೇ ಮೇಲು ಎಂಬುದು ಬೇಗ ತಿಳಿಯಿತು. ಕಲ್ಲು ಏಟನ್ನು ಹಿಂದಿರುಗಿಸುತ್ತದೆ. ಮರ ಏಟನ್ನು ಸಹಿಸುತ್ತದೆ.

ನಮ್ಮಲ್ಲಿ ಈ ಮೊಳೆಯನ್ನು ‘ಡಾಗ್ ಸ್ಪೈಕ್’ ಎನ್ನುತ್ತಾರೆ. ಅದರ ತಲೆಯ ಎರಡು ಕಡೆ ನಾಯಿಯ ಕಿವಿಗಳಂತೆ ಚಾಚುಗಳಿರುತ್ತವೆ. ಮೊಳೆಯನ್ನು ಕೀಳಬೇಕಾದಾಗ ಸೀಳುಬಾಯಿಯ ಹಾರೆಗೆ ಅವೇ ಹಿಡಿ. ಅದರ ಒಡಲು ಚೌಕ, ತುದಿ ಉಳಿಯಂತೆ ಚಪ್ಪಟೆ. ಆ ಉಳಿಯ ಬಾಯಿ ಮರದ ನಾರಿಗೆ ಅಡ್ಡಲಾಗಿ ಕೂರಬೇಕು. ಹಾಗೆ ಕೂತರೆ ಅದು ನಾರನ್ನು ಕತ್ತರಿಸಿಕೊಂಡು ಇಳಿಯುತ್ತದೆ, ಕತ್ತರಿಸಿದ ನಾರುಗಳು ಮೊಳೆಯನ್ನು ಇಕ್ಕೆಲಗಳಿಂದ ಒತ್ತಿ ಹಿಡಿಯುತ್ತವೆ. ನಾರಿನ ಉದ್ದಕ್ಕೇ ಕೂತರೆ ಸೌದೆಗೆ ಬೆಣೆ ಹೊಡೆದಂತಾಗಿ ಸ್ಲೀಪರು ಸೀಳುತ್ತದೆ.

ಕೆಲಸದ ಕ್ರಮವೂ ಬಡಗಿಯ ಕೆಲಸದಷ್ಟೇ ನಾಜೂಕು. ಹಳಿ ಕೂರುವ ಜಾಗವನ್ನು ಬಾಚಿಯಿಂದ ಕೆತ್ತಿ, ಇಪ್ಪತ್ತಕ್ಕೆ ಒಂದರಷ್ಟು ಒಳವಾಟ ಕೊಡುತ್ತಿದ್ದರು. ಇಲ್ಲವೇ ಅದೇ ಓರೆಯಿರುವ ಉಕ್ಕಿನ ಫಲಕವನ್ನು ಹಳಿಗೂ ಮರಕ್ಕೂ ನಡುವೆ ಇಡುತ್ತಿದ್ದರು. ಅನಂತರ ಮೊಳೆಗಿಂತ ತುಸು ಸಣ್ಣದಾದ ತೂತನ್ನು ಬೈರಿಗೆಯಿಂದ ಕೊರೆಯುತ್ತಿದ್ದರು. ತೂತಿಲ್ಲದೆ ಹೊಡೆದರೆ ಗಟ್ಟಿಮರ ಸೀಳುವುದು. ತೂತು ದೊಡ್ಡದಾದರೆ ಮೊಳೆಗೆ ಹಿಡಿತವಿರದು. ನೀರು ಇಳಿದು ಮರ ಕೊಳೆಯದಿರಲೆಂದು ತೂತಿಗೆ ಡಾಂಬರನ್ನೋ ಕ್ರಿಯೋಸೋಟ್ ಎಣ್ಣೆಯನ್ನೋ ಹಾಕುವುದುಂಟು. ಹಳಿಯ ಒಳಬದಿಯ ಮೊಳೆಯೂ ಹೊರಬದಿಯ ಮೊಳೆಯೂ ಎದುರುಬದುರಾಗಿ ಒಂದೇ ನಾರಿನ ಸಾಲಿನಲ್ಲಿ ಬರಬಾರದು. ಬಂದರೆ ಆ ಸಾಲಿನಲ್ಲೇ ಮರ ಬಿರಿಯುತ್ತದೆ. ಆದುದರಿಂದ ಒಳಗಿನವನ್ನು ಸ್ಲೀಪರಿನ ಒಂದು ಅಂಚಿಗೂ ಹೊರಗಿನವನ್ನು ಇನ್ನೊಂದು ಅಂಚಿಗೂ ಸರಿಸಿ ಹೊಡೆಯುತ್ತಾರೆ. ಇದರಿಂದ ಸ್ಲೀಪರು ಓರೆಯಾಗಿ ತಿರುಗುವುದೂ ತಪ್ಪುತ್ತದೆ.

ಲೆಕ್ಕದ ಮೇಷ್ಟರು ರಜೆ ಹಾಕಿದ ದಿನ ನಾನು ಲೆಕ್ಕವನ್ನೂ ಹೇಳಿಕೊಟ್ಟವನೇ! ಒಂದು ಕಿಲೋಮೀಟರಿಗೆ 1,300 ಸ್ಲೀಪರುಗಳೆಂದು ಇಟ್ಟುಕೊಳ್ಳಿ. ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿಲೋಮೀಟರು. ಪೂರ್ತಿ ಮರದ ದಾರಿಯೆಂದು ಭಾವಿಸಿದರೆ 32,500 ದಿಮ್ಮಿಗಳು. ದಿಮ್ಮಿಗೆ ನಾಲ್ಕು ಮೊಳೆಯಂತೆ 1,30,000 ಮೊಳೆಗಳು. ಮರದ ಸ್ಲೀಪರಿನ ಆಯುಷ್ಯ ಸಾಮಾನ್ಯವಾಗಿ ಹನ್ನೆರಡು-ಹದಿನೈದು ವರ್ಷ. ಇಷ್ಟು ಸಣ್ಣ ದಾರಿಗೇ ಇಷ್ಟಾದರೆ ದೇಶಕ್ಕೆಲ್ಲ ಎಷ್ಟು ಕಾಡು ಬೇಕಾಗಿರಬೇಡ! ಉತ್ತರದಲ್ಲಿ ಸಾಲ ಮತ್ತು ದೇವದಾರು, ದಕ್ಷಿಣದಲ್ಲಿ ತೇಗ, ಜಂಬೆ ಮೊದಲಾದ ಗಟ್ಟಿಮರಗಳು ಹಳಿಗಳ ಕೆಳಗೆ ಮಲಗಿದವು. ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ 1861ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೇ ರೈಲ್ವೆಯ ಸ್ಲೀಪರುಗಳ ಬೇಡಿಕೆಯು ದೊಡ್ಡ ಚಿಂತೆಯಾಗಿ ಕಾಣಿಸಿಕೊಂಡಿದೆ. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಮರುವರ್ಷ ಭಾರತದ ಮೊದಲ ಅರಣ್ಯ ಕಾನೂನು ಬಂದಿತು. ಕಾಡನ್ನು ಕಾಯುವ ಕಾನೂನಿನ ಹಿಂದೆ ರೈಲಿಗೆ ಮರ ತೀರಿಹೋದೀತೆಂಬ ಭಯವೂ ಇತ್ತು. ಮರವನ್ನು ಹುಳುವಿನಿಂದಲೂ ಗೆದ್ದಲಿನಿಂದಲೂ ಉಳಿಸುವ ‘ಆಸ್ಕು’ ಎಂಬ ರಾಸಾಯನಿಕ ಮಿಶ್ರಣವನ್ನು 1930ರ ದಶಕದಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ನಮ್ಮ ದೇಶದವರೇ ಆದ ಸೊಂಟಿ ಕಾಮೇಶಂ. ಅದು ಹೊರದೇಶಗಳಲ್ಲಿಯೂ ಬಳಕೆಗೆ ಬಂದಿತು.

ಇಷ್ಟೆಲ್ಲ ಮಾಡಿ ಹೊಡೆದ ಮೊಳೆಯೂ ಶಾಶ್ವತವಲ್ಲ. ಗಾಲಿ ಉರುಳುವಾಗ ಅದರ ಕೆಳಗೆ ಹಳಿ ತಗ್ಗುತ್ತದೆ, ಮುಂದೆ ಕೂದಲೆಳೆಯಷ್ಟು ಮೇಲೇಳುತ್ತದೆ. ಏಳುವಾಗ ಮೊಳೆಯನ್ನೂ ಎಳೆಯುತ್ತದೆ. ಬಿಸಿಲಿಗೆ ಹಳಿ ಬೆಳೆಯುತ್ತದೆ: 12 ಮೀಟರಿನ ಹಳಿಯು 30 ಡಿಗ್ರಿ ಕಾವಿನ ವ್ಯತ್ಯಾಸಕ್ಕೆ ಸುಮಾರು 4 ಮಿಲಿಮೀಟರು ಉದ್ದವಾಗುತ್ತದೆ. ಆದುದರಿಂದಲೇ ಎರಡು ಹಳಿಗಳ ನಡುವೆ ಸಂದು ಬಿಟ್ಟು ಫಿಶ್‌ಪ್ಲೇಟಿನಿಂದ ಜೋಡಿಸುತ್ತಿದ್ದರು. ನಾವು ಬಾಲ್ಯದಲ್ಲಿ ಕೇಳಿ ನಿದ್ದೆ ಹೋಗುತ್ತಿದ್ದ ರೈಲಿನ ತಾಳ ಆ ಸಂದುಗಳದು. ದಿನವೂ ಅಲುಗುವ ವಸ್ತುವನ್ನು ದಿನವೂ ನೋಡುವವನೊಬ್ಬನು ಬೇಕು. ಅವನೇ ಕೀಮನ್. ಇಲ್ಲಿ ‘ಕೀ’ ಎಂದರೆ ಬೀಗದ ಕೈಯಲ್ಲ, ಬೆಣೆ. ಹಿಂದೆ ಹಳಿಯನ್ನು ಎರಕದ ಪೀಠದಲ್ಲಿ ಕೂರಿಸಿ ಮರದ ಬೆಣೆ ಬಡಿದು ಬಿಗಿಮಾಡುತ್ತಿದ್ದ ಕಾಲದಿಂದ ಆ ಹೆಸರು ಉಳಿದುಬಂದಿದೆ.

1950ರ ದಶಕದಲ್ಲಿ ನಂಜನಗೂಡಿನ ನಮ್ಮ ಮನೆಯ ಹಿತ್ತಲಿನಾಚೆ ಹಳಿ ಹಾದುಹೋಗುತ್ತಿತ್ತು. ಬೆಳಗಿನ ಹೊತ್ತು ಒಬ್ಬ ಕೀಮನ್ ಬರುತ್ತಿದ್ದರು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಕೆಂಪು-ಹಸಿರು ಬಾವುಟ, ಬರಿಗಾಲು. ನಾನು ಹಿಂದೆ ಹಿಂದೆ ನಡೆದರೆ ಗದರುತ್ತಿರಲಿಲ್ಲ. ಒಂದು ದಿನ ಎರಡು ಮೊಳೆಗಳ ಮೇಲೆ ಮೆಲ್ಲಗೆ ತಟ್ಟಿ, “ಕೇಳುಸ್ತಾ ಕೂಸೇ? ಇದು ಹಿಡ್ಕೊಂಡದೆ, ಅದು ಬುಟ್ಟದೆ” ಎಂದರು. ಮೊದಲನೆಯದು ಗಟ್ಟಿಯಾಗಿ, ಮೊಟಕಾಗಿ ನುಡಿಯಿತು. ಎರಡನೆಯದರ ದನಿಯಲ್ಲಿ ಸಡಿಲವಿತ್ತು. ಆ ತೂತು ಸವೆದುಹೋಗಿತ್ತು. ಅದಕ್ಕೆ ಮರದ ಗೂಟ ಬಡಿದು ಹೊಸದಾಗಿ ಕೊರೆದು ಮತ್ತೆ ಮೊಳೆ ಹೊಡೆಯಬೇಕೆಂದು ವಿವರಿಸಿದರು. ಕಿವಿಯಿಂದಲೂ ನೋಡಬಹುದೆಂದು ನನಗೆ ಕಲಿಸಿದ ಮೊದಲ ಗುರು ಅವರು.

ಈಗ ಹೇಳಬೇಕಾದ ಮಾತು. 1970ರ ದಶಕದಲ್ಲಿ ನಾನು ತಿರುಮಕೂಡಲು ನರಸೀಪುರದ ಒಂದು ಶಾಲೆಯಲ್ಲಿದ್ದೆ. ಕಾವೇರಿ-ಕಪಿಲೆಯರು ಕೂಡುವ ಆ ಊರಿಗೆ ರೈಲು ಬಂದಿರಲಿಲ್ಲ, ಇಂದಿಗೂ ಬಂದಿಲ್ಲ. ಒಂದು ದಿನ ಪಾಠ ಒಪ್ಪಿಸದ ಹುಡುಗರ ಮೇಲೆ ಸಿಟ್ಟಾಗಿ, “ಹೀಗೇ ಇದ್ದರೆ ನಂಜನಗೂಡಿಗೆ ಹೋಗಿ ರೈಲು ಕಂಬಿಗೆ ಮೊಳೆ ಹೊಡೆಯಬೇಕಾಗುತ್ತದೆ” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿದ. ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗ. ಅದರ ಅರ್ಥ ನನಗಾದದ್ದು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ. ರೈಲ್ವೆಯಿಂದಾದ ಪ್ರಯೋಜನಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಅವನು ನಾನು ಬರೆಸಿದ್ದ ಐದು ಅಂಶಗಳನ್ನೂ ಬರೆದು, ಆರನೆಯದನ್ನು ತಾನೇ ಸೇರಿಸಿದ್ದ: “ನಮ್ಮ ತಂದೆಯವರು ದಿನಾಲು ಬೆಳಿಗ್ಗೆ ಮೊಳೆಗಳನ್ನು ನೋಡಿಕೊಂಡು ಬರುವುದರಿಂದ ರೈಲು ಬೀಳುವುದಿಲ್ಲ.”

ನಾನು ಪೂರ್ಣ ಅಂಕ ಕೊಟ್ಟೆ. ಆದರೆ ತರಗತಿಯೆದುರು ಆಡಿದ ಮಾತನ್ನು ತರಗತಿಯೆದುರು ಹಿಂತೆಗೆದುಕೊಳ್ಳಲಿಲ್ಲ. ಮೇಷ್ಟರ ಗೌರವ ಅಡ್ಡಬಂದಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮರುವರ್ಷ ನನಗೆ ವರ್ಗವಾಯಿತು. ಮೊಳೆಯ ದನಿಯನ್ನು ಕೇಳಲು ಕಲಿತಿದ್ದ ನನ್ನ ಕಿವಿಗೆ ಆ ಹುಡುಗನ ಮೌನ ಕೇಳಿಸಲಿಲ್ಲ.

ಈಗ ಕಾಲ ಬದಲಾಗಿದೆ. 2000ದ ದಶಕದ ಕೊನೆಯ ವೇಳೆಗೆ ಮೈಸೂರು-ಚಾಮರಾಜನಗರ ಮಾರ್ಗ ಬ್ರಾಡ್ ಗೇಜ್ ಆಯಿತು. ಕಪಿಲೆಗೆ ಬೇರೆ ರೈಲು ಸೇತುವೆ ಬಂದು ಹಳೆಯ ಕಲ್ಲುಸೇತುವೆಗೆ ವಿಶ್ರಾಂತಿ ದೊರೆಯಿತು. ಮರದ ಜಾಗದಲ್ಲಿ ಕಾಲು ಟನ್ನಿಗೂ ಹೆಚ್ಚು ತೂಗುವ ಕಾಂಕ್ರೀಟ್ ಸ್ಲೀಪರುಗಳಿವೆ. ಮೊಳೆಯ ಜಾಗದಲ್ಲಿ ಸ್ಪ್ರಿಂಗಿನಂತೆ ಬಾಗಿದ ಉಕ್ಕಿನ ಕ್ಲಿಪ್ಪುಗಳು, ಹಳಿಯ ಅಡಿಯಲ್ಲಿ ರಬ್ಬರಿನ ಹಾಸು. ಮೊಳೆ ಒಮ್ಮೆ ಸಡಿಲವಾದರೆ ಸಡಿಲವೇ. ಕ್ಲಿಪ್ಪು ಹಳಿಯೊಡನೆ ತಾನೂ ಬಾಗಿ ಮತ್ತೆ ಒತ್ತಿ ಹಿಡಿಯುತ್ತದೆ. ಆದರೂ ಸುತ್ತಿಗೆ ಹಿಡಿದು ಹಳಿಯ ಮೇಲೆ ನಡೆಯುವ ಮನುಷ್ಯ ಇಂದಿಗೂ ಇದ್ದಾನೆ. ಕ್ಲಿಪ್ಪು ಜಾರಿದೆಯೆಂದು ಅವನೇ ಕಂಡು ಅವನೇ ಬಡಿದು ಕೂರಿಸಬೇಕು.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇದು: ಕಂಬಿಯನ್ನು ಮೊಳೆ ಹಿಡಿದಿದೆ, ಮೊಳೆಯನ್ನು ಮರ ಹಿಡಿದಿದೆ, ಅವೆರಡೂ ಹಿಡಿದಿವೆಯೇ ಎಂದು ಒಬ್ಬರು ದಿನವೂ ನೋಡುತ್ತಾರೆ. ಅವಳು, “ಅವರ ಹೆಸರೇನು?” ಎಂದಳು. ನಮ್ಮ ಹಿತ್ತಲಿನಾಚೆ ನಡೆಯುತ್ತಿದ್ದವರ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಆ ಹುಡುಗನಿಗೂ ಈಗ ಅರವತ್ತು ದಾಟಿರಬೇಕು. ನರಸೀಪುರದ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವನಿಗೆ ತಲುಪಿಸಿ. ಅಪ್ಪಾ, ನಿನ್ನ ಆರನೆಯ ಅಂಶವೇ ಸರಿಯಾದುದು. ಅದನ್ನು ನಾನು ಮೊದಲನೆಯದಾಗಿ ಬರೆಸಬೇಕಾಗಿತ್ತು. ಅಂದಿನ ಮಾತಿಗೆ ಇಂದು ಎಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ.