ಒಡೆಯರಪಾಳ್ಯದ ಟಿಬೆಟಿಯರೂ ಗೂಡಲೂರಿನ ಸಿಲೋನಿನವರೂ

ಚಾಮರಾಜನಗರದ ಸೀಮೆಯು ಮೂರು ರಾಜ್ಯಗಳು ಸಂಧಿಸುವ ಎಡೆಯಲ್ಲಿದ್ದು, ಪೂರ್ವಕಾಲದಿಂದಲೂ ಬರುವವರಿಗೂ ಹೋಗುವವರಿಗೂ ದಾರಿಯಾಗಿರುವುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಮೈಸೂರು ಸೀಮೆಯ ತೆಂಕಣ ಭಾಗವನ್ನು ಬಿಟ್ಟು ನೀಲಗಿರಿಯನ್ನೇರಿದ ಒಕ್ಕಲುಗಳ ಸಂತತಿಯೇ ತಾವೆಂದು ಬಡಗರು ಹೇಳಿಕೊಳ್ಳುತ್ತಾರೆ. ಬಡಗಲಿಂದ ಬಂದವರಾದುದರಿಂದಲೇ ಅವರಿಗೆ ಆ ಹೆಸರು. ಅವರ ಮಾತು ಇಂದಿಗೂ ಕನ್ನಡದ ನಂಟನ್ನು ಬಿಟ್ಟಿಲ್ಲ. ಅದು ಹಳೆಯ ಕಾಲದ ವೃತ್ತಾಂತ. ಪ್ರಕೃತ ವಿಚಾರಿಸತಕ್ಕುದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹೆಚ್ಚು ಕಡಮೆ ಏಕಕಾಲದಲ್ಲಿ, ಈ ಸೀಮೆಯ ಎರಡು ಅಂಚುಗಳಲ್ಲಿ ಬಂದು ನೆಲೆಗೊಂಡ ಎರಡು ಸಮುದಾಯಗಳ ಸ್ಥಿತಿಗತಿ. ಮೂಡಣ ಅಂಚಿನಲ್ಲಿ, ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿ ಈಗ ಹನೂರು ತಾಲ್ಲೂಕಿನಲ್ಲಿರುವ ಒಡೆಯರಪಾಳ್ಯದಲ್ಲಿ ಟಿಬೆಟಿಯರು. ನೈರುತ್ಯದ ಅಂಚಿನಾಚೆ, ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿದೊಡನೆ ಸಿಕ್ಕುವ ಗೂಡಲೂರಿನಲ್ಲಿ ಸಿಂಹಳದಿಂದ ಮರಳಿದ ತಮಿಳರು. ಸರ್ಕಾರದ ಕಾಗದಗಳಲ್ಲಿ ಇವರಿಗೆ ‘ತಾಯ್ನಾಡಿಗೆ ಮರಳಿದವರು’ ಎಂದು ಹೆಸರು. ಊರವರ ಬಾಯಲ್ಲಿ ‘ಸಿಲೋನಿನವರು’.

ಈ ಎರಡರಲ್ಲಿ ಮೊದಲನೆಯವರು ಪರದೇಶದವರು, ಪರಭಾಷೆಯವರು, ಇಂದಿಗೂ ಬಹುಮಟ್ಟಿಗೆ ಪರಪ್ರಜೆಗಳು. ಎರಡನೆಯವರು ಇದೇ ದ್ರಾವಿಡ ದೇಶದ ಮಕ್ಕಳು, ಈ ದೇಶದ ಪೌರತ್ವವನ್ನು ಕೈಯಲ್ಲಿ ಹಿಡಿದುಕೊಂಡೇ ಹಡಗಿನಿಂದ ಇಳಿದವರು. ಯಾರಿಗೆ ಸುಖವಾಗಿರಬೇಕೆಂದು ಕೇಳಿದರೆ, ಲೋಕಜ್ಞಾನವುಳ್ಳ ಯಾರಾದರೂ ಎರಡನೆಯವರಿಗೆಂದೇ ಹೇಳಿಯಾರು. ನಡೆದುದು ಇದಕ್ಕೆ ವಿಪರೀತ. ಹೀಗೇಕಾಯಿತೆಂಬುದೇ ವಿಚಾರಕ್ಕೆ ತಕ್ಕ ಪ್ರಶ್ನೆ.

೧೯೫೯ನೆಯ ಇಸವಿಯ ಮಾರ್ಚಿಯಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು ಭಾರತವನ್ನು ಹೊಕ್ಕ ಮೇಲೆ, ಸುಮಾರು ೮೦,೦೦೦ ಜನ ಟಿಬೆಟಿಯರು ಹಿಮಾಲಯವನ್ನು ದಾಟಿ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿಯೂ ಬಂಗಾಳದ ಬಕ್ಸಾದಲ್ಲಿಯೂ ಇವರಿಗಾಗಿ ಶಿಬಿರಗಳೆದ್ದವು. ತಣ್ಣೆಲದ ಜನರಾದುದರಿಂದ ತಗ್ಗುನಾಡಿನ ಸೆಕೆಯನ್ನೂ ರೋಗಗಳನ್ನೂ ತಾಳಲಾರದೆ ಅನೇಕರು ಅಲ್ಲಿಯೇ ತೀರಿಕೊಂಡರು. ಉಳಿದವರಲ್ಲಿ ಬಹು ಮಂದಿ ಹಿಮಾಲಯದ ತಪ್ಪಲುಗಳಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ಆ ಸಮಯದಲ್ಲಿ ಮೈಸೂರು ರಾಜ್ಯದ ಸರ್ಕಾರವು ಬೈಲುಕುಪ್ಪೆಯ ಬಳಿ ಸುಮಾರು ೩,೦೦೦ ಎಕರೆ ಕಾಡುಭೂಮಿಯನ್ನು ಕೊಡಲೊಪ್ಪಿತು. ೧೯೬೦ರ ಕೊನೆಯಿಂದ ಅಲ್ಲಿ ವಸತಿ ಮೊದಲಾಯಿತು. ಅನಂತರ ೧೯೬೬ರಲ್ಲಿ ಮುಂಡಗೋಡು, ೧೯೭೨ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, ೧೯೭೪ರ ಹೊತ್ತಿಗೆ ಒಡೆಯರಪಾಳ್ಯ. ಇದಕ್ಕೆ ಅವರು ಇಟ್ಟ ಹೆಸರು ಧೊಂಡೆನ್‌ಲಿಂಗ್.

ಒಡೆಯರಪಾಳ್ಯವು ಈ ಸಾಲಿನಲ್ಲಿ ಕಡೆಯದಾದುದು ಅದರ ಪುಣ್ಯವೆಂದೇ ಹೇಳಬೇಕು. ಬೈಲುಕುಪ್ಪೆಯಲ್ಲಿ ಮೊದಲು ಬಂದವರು ಮರ ಕಡಿದು, ಆನೆಗಳೊಡನೆ ಹೋರಾಡಿ, ಯಾವ ಬೆಳೆ ಯಾವ ಮಳೆಗೆ ಬರುವುದೆಂಬುದನ್ನು ಹಸಿವಿನಿಂದಲೇ ಕಲಿತರು. ಆ ಹದಿಮೂರು ವರ್ಷಗಳ ಪಾಠವು ಇಲ್ಲಿ ಬಂದವರಿಗೆ ಸಿದ್ಧವಾಗಿ ದೊರೆಯಿತು. ಮೂರು ಸಾವಿರದಷ್ಟು ಜನ ೨೨ ಹಳ್ಳಿಗಳಾಗಿ ನೆಲೆಸಿದರು. ಕರ್ನಾಟಕದ ಈ ವಸತಿಗಳಲ್ಲಿ ಹಂಚಿಕೆಯ ಕ್ರಮವು ಸುಮಾರಾಗಿ ತಲೆಗೆ ಒಂದು ಎಕರೆ. ಎಲ್ಲವೂ ಮಳೆಯಾಧಾರದ ಹೊಲ. ಮುಖ್ಯವಾದ ಬೆಳೆ ಮುಸುಕಿನ ಜೋಳ. ಸುತ್ತಲೂ ಕಾಡಾದುದರಿಂದ ಜೋಳವು ಹಾಲು ತುಂಬುವ ಕಾಲಕ್ಕೆ ಸರಿಯಾಗಿ ಆನೆ ಹಂದಿಗಳಿಗೂ ಸಮಾಚಾರ ಮುಟ್ಟುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಭೂಮಿಯು ವ್ಯಕ್ತಿಗಳದಲ್ಲ. ಸರ್ಕಾರವು ಅದನ್ನು ಸಮುದಾಯಕ್ಕೆ ಅನುಭವಕ್ಕಾಗಿ ಬಿಟ್ಟುಕೊಟ್ಟಿತೇ ಹೊರತು ದಾನವಾಗಿ ಕೊಡಲಿಲ್ಲ. ಆದಕಾರಣ ಅದನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ. ಮೇಲುನೋಟಕ್ಕೆ ಇದು ನ್ಯೂನತೆಯಾಗಿ ಕಾಣಬಹುದು. ಆದರೆ ನಮ್ಮ ಕಡೆಯ ಬಡ ರೈತನ ಹೊಲವು ಮಗಳ ಮದುವೆಗೋ ಕೊಳವೆಬಾವಿಗೋ ಸಾಹುಕಾರನ ಪಾಲಾಗುವ ದಾರಿಯನ್ನು ಬಲ್ಲವರು ಆ ನ್ಯೂನತೆಯಲ್ಲಿರುವ ರಕ್ಷೆಯನ್ನು ಕಾಣದಿರಲಾರರು. ಒಂದು ಕೆಟ್ಟ ವರ್ಷದಲ್ಲಿ ಟಿಬೆಟಿಯನು ಫಸಲನ್ನು ಕಳೆದುಕೊಂಡನೇ ಹೊರತು ಭೂಮಿಯನ್ನು ಕಳೆದುಕೊಳ್ಳಲಿಲ್ಲ. ಇದರ ಮೇಲೆ ಪ್ರತಿ ವಸತಿಗೂ ಒಂದು ಸಹಕಾರ ಸಂಘ; ಟ್ರ್ಯಾಕ್ಟರು, ಬೀಜ, ಗೊಬ್ಬರ, ಫಸಲಿನ ಮಾರಾಟ ಇವೆಲ್ಲವೂ ಅದರ ಮೂಲಕ. ಮಕ್ಕಳಿಗೆ ಶಾಲೆ, ಮುದುಕರಿಗೆ ಆಶ್ರಮ, ಎಲ್ಲರಿಗೂ ಗೊಂಪಾ. ಒಡೆಯರಪಾಳ್ಯದ ಜೊಗ್‌ಚೆನ್ ವಿಹಾರವನ್ನು ದಲಾಯಿ ಲಾಮಾ ಅವರೇ ೧೯೯೨ರಲ್ಲಿ ಉದ್ಘಾಟಿಸಿದರು. ಒಟ್ಟಿನಲ್ಲಿ ಒಂದು ನಾಡು ತನ್ನ ಗುರು, ತನ್ನ ಪಂಚಾಯಿತಿ, ತನ್ನ ಪಾಠಶಾಲೆಗಳನ್ನು ಹೊತ್ತುಕೊಂಡು ಇಡಿಯಾಗಿ ಬಂದಂತಾಯಿತು.

ಹೊಲವೊಂದರಿಂದಲೇ ಇವರು ಬದುಕಿದರೆಂದು ಮಾತ್ರ ಭಾವಿಸತಕ್ಕುದಲ್ಲ. ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿ ಚಳಿಗಾಲದಲ್ಲಿ ಸ್ವೆಟರು ಮಾರುವ ಟಿಬೆಟಿ ಹೆಂಗಸರನ್ನು ಕಾಣದವರಾರು? ಜೋಳ ಕೊಯ್ದು ಒಳಗಾದೊಡನೆ ಮನೆಯಲ್ಲಿ ಗಟ್ಟಿಯಾಗಿರುವವರು ಊರು ಬಿಡುತ್ತಾರೆ. ಸರಕು ಬರುವುದು ಪಂಜಾಬಿನ ಲುಧಿಯಾನಾದಿಂದ. ಅಲ್ಲಿಯ ಸಗಟು ವರ್ತಕರು ನಂಬಿಕೆಯ ಮೇಲೆ ಸಾಲಕ್ಕೆ ಸರಕು ಕೊಡುತ್ತಾರೆ. ಮಾರಾಟ ಮುಗಿದ ಮೇಲೆ ಹಣ ಸಂದಾಯವಾಗುತ್ತದೆ. ಒತ್ತೆಯಿಡಲು ಅಂಗೈಯಗಲ ನೆಲವಿಲ್ಲದ ಪರಪ್ರಜೆಗೆ ಸಾಲ ಹುಟ್ಟುವುದು ಹೇಗೆಂದರೆ, ಒಬ್ಬನು ತಪ್ಪಿದರೆ ಇಡೀ ಸಮುದಾಯದ ಮಾತು ಕೆಡುವುದೆಂಬ ಅಂಜಿಕೆಯೇ ಅಲ್ಲಿ ಜಾಮೀನು. ಅಮೆರಿಕದ ನಗರಗಳಲ್ಲಿ, ೧೯೬೫ರ ವಲಸೆ ಕಾಯಿದೆಯ ತರುವಾಯ ಹೋಗಿ ನೆಲೆಸಿದ ಕೊರಿಯಾ ದೇಶದವರಲ್ಲಿಯೂ ಇಂಥದೇ ಕ್ರಮವುಂಟು. ಅವರು ‘ಕ್ಯೆ’ ಎಂದು ಕರೆಯುವುದು ನಮ್ಮವರ ಚೀಟಿಯೇ. ಹತ್ತು ಮನೆಯವರು ತಿಂಗಳು ತಿಂಗಳು ಹಣ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಎತ್ತಿಕೊಂಡು, ಆ ಮೊತ್ತದಿಂದ ಅಂಗಡಿ ತೆರೆಯುತ್ತಾರೆ. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸಿರಿಯಾ ಲೆಬನಾನುಗಳಿಂದ ಅಲ್ಲಿಗೆ ಹೋದ ಅರಬರು ತಮ್ಮವರ ಮಳಿಗೆಗಳಿಂದಲೇ ಸರಕನ್ನು ಸಾಲ ಪಡೆದು, ಗಂಟು ಹೊತ್ತು ಹಳ್ಳಿಹಳ್ಳಿ ತಿರುಗಿದರು. ಅದೇ ಅರಬರಲ್ಲಿ ಮುಂದೆ ಡಿಯರ್‌ಬಾರ್ನಿನ ಮೋಟಾರು ಕಾರ್ಖಾನೆಗೆ ಸೇರಿದವರ ಕಥೆ ಬೇರೆ. ಕಾರ್ಖಾನೆ ತುಂಬಿದಾಗ ಅವರ ಹೊಟ್ಟೆ ತುಂಬಿತು, ಕಾರ್ಖಾನೆ ಸೊರಗಿದಾಗ ಅವರೂ ಸೊರಗಿದರು. ಕೂಲಿಯನ್ನೇ ನಂಬಿದವರ ಪಾಡು ಎಲ್ಲಿಯೂ ಇದೇ. ಗೂಡಲೂರಿನವರ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಆಂಗ್ಲರು ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ, ಕಾಫಿಗೆ ಎಲೆರೋಗ ತಗುಲಿ ತೋಟಗಳು ಹಾಳಾದ ಮೇಲೆ ಚಹವನ್ನೂ ಬೆಳೆಸಿದಾಗ, ದುಡಿಯುವುದಕ್ಕೆ ತಮಿಳು ಜಿಲ್ಲೆಗಳಿಂದ ಆಳುಗಳನ್ನು ಕರೆದೊಯ್ದರು. ಕರೆದೊಯ್ಯುವವನು ಕಂಗಾಣಿ, ಮುಂಗಡ ಕೊಡುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ಹೋದವರಲ್ಲಿ ಬಹು ಮಂದಿ ಭೂಮಿಯಿಲ್ಲದ ದಲಿತ ಜಾತಿಗಳವರು. ನಾಲ್ಕಾರು ತಲೆಮಾರು ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾದವು. ಸಿಂಹಳವು ಸ್ವತಂತ್ರವಾದ ೧೯೪೮ರಲ್ಲಿಯೇ ಅಲ್ಲಿಯ ಪೌರತ್ವ ಕಾಯಿದೆಯು ಇವರನ್ನು ಹೊರಗಿಟ್ಟಿತು. ೧೯೬೪ನೆಯ ಅಕ್ಟೋಬರ್ ೩೦ರಂದು ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳಿಗೂ ಸಿಂಹಳದ ಪ್ರಧಾನಿ ಶ್ರೀಮತಿ ಸಿರಿಮಾವೊ ಬಂಡಾರನಾಯಕೆ ಅವರಿಗೂ ಒಪ್ಪಂದವಾಗಿ, ೫,೨೫,೦೦೦ ಜನರನ್ನು ಭಾರತವೂ ೩,೦೦,೦೦೦ ಜನರನ್ನು ಸಿಂಹಳವೂ ವಹಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಉಳಿದ ೧,೫೦,೦೦೦ ಜನರನ್ನು ೧೯೭೪ರಲ್ಲಿ ಸಮಭಾಗ ಮಾಡಿಕೊಂಡರು. ದಾಯಾದಿಗಳು ಪಾತ್ರೆ ಪಗಡಿಗಳನ್ನು ಹಂಚಿಕೊಂಡಂತೆ ಎರಡು ಸರ್ಕಾರಗಳು ಮನುಷ್ಯರನ್ನು ಹಂಚಿಕೊಂಡವು. ಹಂಚಿಕೆಯಾದವರ ಅಭಿಪ್ರಾಯವನ್ನು ಕೇಳಿಕೊಂಡು ಆದ ಒಪ್ಪಂದವಲ್ಲ ಅದು.

ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಬರುತ್ತಿದ್ದ ಹಡಗಿನಲ್ಲಿ, ೧೯೮೪ರಲ್ಲಿ ಅದು ನಿಲ್ಲುವವರೆಗೂ, ಇವರು ಬಂದರು. ಮಕ್ಕಳು ಮರಿಗಳು ಸೇರಿ ಬಂದವರು ನಾಲ್ಕು ಲಕ್ಷಕ್ಕೂ ಮಿಕ್ಕಿದರು. ಸರ್ಕಾರವು ಕೈಕಟ್ಟಿ ಕುಳಿತಿತೆಂದರೆ ಅನ್ಯಾಯವಾದೀತು; ಬಂದವರ ಕುಟುಂಬಗಳಿಗೆಲ್ಲ ಏನಾದರೊಂದು ಸೌಕರ್ಯವನ್ನು ಗೊತ್ತುಪಡಿಸಿತ್ತು. ಆದರೆ ಅದರಲ್ಲಿ ಹೆಚ್ಚಿನದು ವ್ಯಾಪಾರದ ಸಾಲ. ಹುಟ್ಟಿದಾರಭ್ಯ ಚಹದ ಚಿಗುರು ಕೀಳುವುದನ್ನಲ್ಲದೆ ಬೇರೇನನ್ನೂ ಅರಿಯದವರು, ತಲೆಮಾರುಗಳ ಹಿಂದೆ ಬಿಟ್ಟುಹೋದ ತಿರುಚಿನಾಪಳ್ಳಿಯದೋ ಸೇಲಮಿನದೋ ಒಂದು ಹಳ್ಳಿಯಲ್ಲಿ, ಪರಿಚಯದ ಗಿರಾಕಿಯೊಬ್ಬನೂ ಇಲ್ಲದೆ ಅಂಗಡಿಯಿಟ್ಟರೆ ಎಷ್ಟು ದಿನ ನಡೆದೀತು? ಹಣ ಕರಗಿತು. ಕರಗಿದ ಮೇಲೆ, ಚಹ ಬೆಳೆಯುವ ಬೆಟ್ಟವೆಲ್ಲಿದೆಯೆಂದು ವಿಚಾರಿಸಿಕೊಂಡು ನೀಲಗಿರಿಯನ್ನು ಹತ್ತಿದರು. ತಮಿಳುನಾಡಿನ ಅರಣ್ಯ ಇಲಾಖೆಯು ೧೯೬೮ರಲ್ಲಿ ಇವರಿಗಾಗಿಯೇ ಚಹದ ತೋಟಗಳನ್ನು ಆರಂಭಿಸಿತ್ತು. ೧೯೭೫ರಲ್ಲಿ ಅದು ‘ಟ್ಯಾನ್‌ಟೀ’ ಎಂಬ ಸರ್ಕಾರೀ ಸಂಸ್ಥೆಯಾಯಿತು. ಅಲ್ಲಿ ಕೆಲಸ ಸಿಕ್ಕಿದವರೇ ಅದೃಷ್ಟವಂತರು. ಸಿಕ್ಕದವರು ಗೂಡಲೂರಿನ ಸುತ್ತ, ನಿಲಂಬೂರು ಕೋವಿಲಗದ ಜನ್ಮಭೂಮಿಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ಭೂಮಿಗಳನ್ನು ಕುರಿತು ೧೯೬೯ರಲ್ಲಿ ಕಾಯಿದೆಯಾದರೂ ವ್ಯಾಜ್ಯಗಳು ದಶಕಗಳಗಟ್ಟಲೆ ಹರಿಯಲಿಲ್ಲವಾಗಿ, ಅಲ್ಲಿ ಒಕ್ಕಲಾದವನಿಗೆ ಪಟ್ಟೆಯೆಂಬುದು ಕೈಗೆಟುಕದ ಹಣ್ಣಾಯಿತು.

ನಮ್ಮ ರಾಜ್ಯದಲ್ಲಿಯೂ ಸುಳ್ಯ ಪುತ್ತೂರುಗಳ ರಬ್ಬರು ತೋಟಗಳಲ್ಲಿ ಹಾಲು ತೆಗೆಯುವುದಕ್ಕೆ ಇಂಥ ಕುಟುಂಬಗಳನ್ನು ತಂದಿರಿಸಿತು. ಭಾಷೆ ಬೇರೆ, ಊರು ಬೇರೆಯಾದುದರಿಂದ ಅವರ ಮಕ್ಕಳು ಜಾತಿಯ ಪ್ರಮಾಣಪತ್ರಕ್ಕಾಗಿ ಬಹುಕಾಲ ಅಲೆಯಬೇಕಾಯಿತು.

ತೋಟದ ಕೂಲಿಗೂ ಹೊಲದ ಒಕ್ಕಲಿಗೂ ಇರುವ ಅಂತರವು ಸಂಪಾದನೆಯಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ಒಳ್ಳೆಯ ವರ್ಷದಲ್ಲಿ ತೋಟದವನೇ ಹೆಚ್ಚು ನಗದು ಕಂಡಿರಬಹುದು. ಆದರೆ ಅವನ ಮನೆ ಲೈನ್‌ಮನೆ, ಅದು ತೋಟದ್ದು. ಕೆಲಸವಿರುವವರೆಗೆ ಸೂರು, ನಿವೃತ್ತಿಯಾದರೆ, ಮಕ್ಕಳಲ್ಲೊಬ್ಬರು ಅದೇ ತೋಟದಲ್ಲಿ ದುಡಿಯದಿದ್ದರೆ, ಸೂರೂ ಹೋಯಿತು. ಸಿಂಹಳದಲ್ಲಿ ಅವನ ಮುತ್ತಜ್ಜನ ಪಾಡೂ ಇದೇ ಆಗಿತ್ತು. ಸಮುದ್ರವನ್ನು ಎರಡು ಬಾರಿ ದಾಟಿದರೂ ಲೈನ್‌ಮನೆಯ ಹೊಸ್ತಿಲನ್ನು ದಾಟಲಾಗಲಿಲ್ಲ. ಟ್ಯಾನ್‌ಟೀ ಸಂಸ್ಥೆಯು ನಷ್ಟದಲ್ಲಿ ನಡೆದು, ೨೦೨೨ರಲ್ಲಿ ತೋಟದ ಒಂದು ಭಾಗವನ್ನು ಅರಣ್ಯ ಇಲಾಖೆಗೆ ಹಿಂದಿರುಗಿಸುವ ತೀರ್ಮಾನವಾದಾಗ ಎಲ್ಲಕ್ಕಿಂತ ಮೊದಲು ಎದ್ದ ಕೂಗು ಮನೆಗಳ ವಿಷಯದ್ದೇ.

ಪೌರತ್ವದಿಂದ ಇವರಿಗೆ ಬಂದುದೇನು? ಮತ ಬಂದಿತು. ಮತದ ಜೊತೆಗೆ ಐದು ವರ್ಷಕ್ಕೊಮ್ಮೆ ಮಾತು ಬಂದಿತು. ಟಿಬೆಟಿಯರಿಗಾದರೋ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ಹೊಸದು ಮಾಡಿಸಬೇಕು, ಹೊರದೇಶಕ್ಕೆ ಹೋಗಬೇಕಾದರೆ ಬೇರೆ ಗುರುತಿನ ಪುಸ್ತಕ ಬೇಕು. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ರ ಒಳಗೆ ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೇ ಎಂದು ನ್ಯಾಯಾಲಯಗಳು ಎತ್ತಿಹಿಡಿದಿದ್ದರೂ, ಎಷ್ಟೋ ಮಂದಿ ಆ ಹಕ್ಕನ್ನು ಕೇಳಲು ಹೋಗಲಿಲ್ಲ; ಕೇಳಿದರೆ ತಾಯ್ನಾಡಿನ ಆಸೆಯನ್ನು ಬಿಟ್ಟಂತಾಗುವುದೆಂಬ ಶಂಕೆ ಅವರಿಗೆ. ಹೀಗೆ ಒಬ್ಬರಿಗೆ ದೇಶವಿದೆ, ನೆಲವಿಲ್ಲ. ಇನ್ನೊಬ್ಬರಿಗೆ ನೆಲವಿದೆ, ದೇಶವಿಲ್ಲ. ಅತಿಥಿಯೆಂದು ಕರೆದವನಿಗೆ ಎಡೆ ಹಾಕಿ, ಮನೆಯ ಮಗನಿಗೆ ಅಡಿಗೆಮನೆಯಲ್ಲಿ ಹುಡುಕಿಕೊಳ್ಳೆಂದು ಹೇಳುವ ಮನೆಗಳುಂಟಷ್ಟೆ! ಅತಿಥಿಗೆ ಬಡಿಸಿದುದು ತಪ್ಪೆಂದು ಇದರ ಅರ್ಥವಲ್ಲ. ಟಿಬೆಟಿಯರ ಪರವಾಗಿ ಮಾತನಾಡುವ ಲೋಕಪೂಜ್ಯರೊಬ್ಬರಿದ್ದರು, ಹೊರದೇಶಗಳ ಧರ್ಮಸಂಸ್ಥೆಗಳಿದ್ದವು. ತೋಟದ ಕೂಲಿಯ ಪರವಾಗಿ ಕಾರ್ಮಿಕ ಸಂಘವನ್ನು ಬಿಟ್ಟರೆ ಯಾರೂ ಇರಲಿಲ್ಲ.

ಟಿಬೆಟಿಯರಿಗೆ ನೆರವಾದ ಸಂಸ್ಥೆಗಳಲ್ಲಿ ಒಂದನ್ನು ಇಲ್ಲಿ ಹೆಸರಿಸಲೇಬೇಕು. ಅವರ ಪುನರ್ವಸತಿಗೆಂದೇ ೧೯೬೮ರಲ್ಲಿ ಹುಟ್ಟಿದ ‘ಮೈರಾಡ’ ಸಂಸ್ಥೆಯು, ಆ ಕೆಲಸ ಮುಗಿದ ಮೇಲೆ ಕನ್ನಡದ ಹಳ್ಳಿಗಳತ್ತ ತಿರುಗಿತು. ೧೯೮೦ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳಿಂದ ಒಡೆದು ಬಂದ ಚಿಕ್ಕ ಚಿಕ್ಕ ಗುಂಪುಗಳು ಪರಸ್ಪರ ನಂಬಿಕೆಯ ಮೇಲೆ ಸಾಲ ಕೊಟ್ಟು ತೀರಿಸುವುದನ್ನು ಅದು ಕಂಡುಕೊಂಡಿತು. ೧೯೯೨ರಲ್ಲಿ ನಬಾರ್ಡ್ ಬ್ಯಾಂಕು ಈ ಕ್ರಮವನ್ನು ಬ್ಯಾಂಕುಗಳಿಗೆ ಜೋಡಿಸಿತು. ಈಗ ಗುಂಡ್ಲುಪೇಟೆ ಯಳಂದೂರುಗಳ ಹೆಂಗಸರು ವಾರಕ್ಕೊಮ್ಮೆ ಕೂಡಿ ಹಣ ಕಟ್ಟುವ ಸ್ವಸಹಾಯ ಸಂಘಗಳ ವಂಶಾವಳಿಯಲ್ಲಿ, ಹಿಮಾಲಯದಿಂದ ಇಳಿದು ಬಂದವರಿಗಾಗಿ ಮಾಡಿದ ಕೆಲಸವೂ ಒಂದು ಕವಲು.

ಎರಡು ವಸತಿಗಳೂ ನಿಂತಿರುವುದು ಕಾಡಿನ ನೆಲದ ಮೇಲೆ ಎಂಬುದನ್ನು ಮರೆಯಬಾರದು. ಕೊಳ್ಳೇಗಾಲದ ಬೆಟ್ಟಗಳಲ್ಲಿ ಸೋಲಿಗರೂ, ಗೂಡಲೂರಿನಲ್ಲಿ ಪಣಿಯರೂ ಕಾಟ್ಟುನಾಯಕರೂ ಇವರಿಬ್ಬರಿಗಿಂತಲೂ ಹಳಬರು. ಬಂದವರಿಗೆ ಭೂಮಿಯನ್ನೂ ಕೂಲಿಯನ್ನೂ ಗೊತ್ತುಮಾಡಿದ ಕಾಲದಲ್ಲಿ ಇದ್ದವರ ಹಕ್ಕನ್ನು ಯಾರೂ ಬರೆದಿಡಲಿಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಂದ ತರುವಾಯ, ೨೦೧೧ರಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು.

ಐವತ್ತು ವರ್ಷಗಳ ತರುವಾಯ ಎರಡು ಕಡೆಯಲ್ಲಿಯೂ ಎಳೆಯರು ನಿಲ್ಲುತ್ತಿಲ್ಲ. ಒಡೆಯರಪಾಳ್ಯದ ಮಕ್ಕಳು ಶಾಲೆ ಕಲಿತು ಬೆಂಗಳೂರು ದಿಲ್ಲಿಗಳಿಗೂ, ಅನುಕೂಲವಾದರೆ ಅಮೆರಿಕ ಕೆನಡಾಗಳಿಗೂ ಹೊರಟರು. ಹೊಲಗಳಲ್ಲಿ ಈಗ ದುಡಿಯುವವರಲ್ಲಿ ಸುತ್ತಣ ಹಳ್ಳಿಗಳ ಕನ್ನಡಿಗರೂ ತಮಿಳರೂ ಬಹಳ; ಗೊಂಪಾದ ಸುತ್ತ ಮಣಿ ತಿರುಗಿಸುವವರು ಮುದುಕರು. ಗೂಡಲೂರಿನ ಮಕ್ಕಳು ಕೊಯಮತ್ತೂರಿಗೂ ತಿರುಪ್ಪೂರಿನ ಬನೀನು ಕಾರ್ಖಾನೆಗಳಿಗೂ ಇಳಿದರು. ಒಂದು ಗುಂಪಿನ ಹಿರಿಯರು ಲುಧಿಯಾನಾದ ಹೆಣಿಗೆಯನ್ನು ಮಾರಿ ಮಕ್ಕಳನ್ನು ಓದಿಸಿದರೆ, ಇನ್ನೊಂದು ಗುಂಪಿನ ಮಕ್ಕಳು ತಿರುಪ್ಪೂರಿನ ಹೆಣಿಗೆಯನ್ನು ಹೊಲಿದು ಹಿರಿಯರಿಗೆ ಹಣ ಕಳಿಸುತ್ತಾರೆ. ಆ ಹಣದಿಂದ ಗೂಡಲೂರಿನಲ್ಲಿ ಎರಡು ಸೆಂಟು ಜಾಗವನ್ನು ಕೊಂಡು, ಸ್ವಂತದ ಗೋಡೆಯೆಬ್ಬಿಸಿದ ಕುಟುಂಬಗಳು ಅಲ್ಲಲ್ಲಿ ಕಾಣಬರುತ್ತವೆ.