ಮಂಡಿಯೊಳಗಿನ ಬಿದಿಗೆ ಚಂದ್ರ

ಎಂ.ಆರ್.ಐ. ವರದಿಯಲ್ಲಿ ‘ಮೆನಿಸ್ಕಸ್ ಟೇರ್’ ಎಂದು ಬರೆದಿದ್ದರೆ ಮನೆಮಂದಿಯೆಲ್ಲ ‘ಟೇರ್’ ನೋಡಿ ಗಾಬರಿಯಾಗುತ್ತಾರೆ. ಹರಿದದ್ದು ಏನು ಎಂದು ಹೇಳುವುದು ಮೊದಲ ಪದ. ಗ್ರೀಕಿನಲ್ಲಿ ‘ಮೇನೆ’ ಎಂದರೆ ಚಂದ್ರ. ‘ಮೆನಿಸ್ಕೋಸ್’ ಎಂದರೆ ಪುಟ್ಟ ಚಂದ್ರ, ನಮ್ಮ ಬಿದಿಗೆಯ ಚಂದ್ರ.

ಮಂಡಿಗೆ ಬರುವ ಮೊದಲು ಈ ಪದ ಬಹಳ ಕಡೆ ತಿರುಗಿದೆ. ಕ್ರಿ.ಪೂ. 5ನೇ ಶತಮಾನದಲ್ಲಿ ಕಿಯೋಸ್ ದ್ವೀಪದ ಗಣಿತಜ್ಞ ಹಿಪ್ಪೊಕ್ರೆಟಿಸ್ (ವೈದ್ಯ ಹಿಪ್ಪೊಕ್ರೆಟಿಸ್ ಬೇರೆ, ಅವನು ಕೋಸ್ ದ್ವೀಪದವನು) ಎರಡು ಕಂಸಗಳ ನಡುವಿನ ಚಂದ್ರಾಕೃತಿಯ ವಿಸ್ತೀರ್ಣ ಕಂಡುಹಿಡಿದ. ಆ ಆಕೃತಿಗೆ ಮೆನಿಸ್ಕೋಸ್ ಎಂದೇ ಹೆಸರು. ಕ್ರಿ.ಪೂ. 414ರಲ್ಲಿ ಆಡಿದ ಅರಿಸ್ಟೊಫೇನಿಸನ ‘ಹಕ್ಕಿಗಳು’ ನಾಟಕದಲ್ಲಿ ಅದು ಪ್ರತಿಮೆಗಳ ತಲೆಯ ಮೇಲೆ ಹಿಕ್ಕೆ ಬೀಳದಂತೆ ಇಡುವ ಲೋಹದ ಮುಚ್ಚಳ. 1611ರಲ್ಲಿ ಕೆಪ್ಲರ್ ಒಂದು ಬದಿ ಉಬ್ಬಿ ಇನ್ನೊಂದು ಬದಿ ತಗ್ಗಿದ ಮಸೂರಕ್ಕೆ ಈ ಹೆಸರನ್ನೇ ಕೊಟ್ಟ. ಬ್ಯೂರೆಟ್ಟಿನಲ್ಲಿ ಬಾಗಿ ನಿಲ್ಲುವ ನೀರಿನ ಮೇಲ್ಮೈಗೂ ಇದೇ ಹೆಸರು.

ಎಲ್ಲ ಕಡೆಯೂ ಹೆಸರು ಆಕಾರವನ್ನಷ್ಟೇ ಹೇಳಿತು. ಮಂಡಿಯಲ್ಲಿ ಅದು ಸಾಲದಾಯಿತು. ದುಂಡಗಿನ ತೊಡೆಯೆಲುಬು ಹೆಚ್ಚುಕಡಿಮೆ ಚಪ್ಪಟೆಯಾದ ಕೆಳಗಾಲಿನ ಎಲುಬಿನ ಮೇಲೆ ಕೂರಬೇಕು; ನಡುವೆ ಬೆಣೆಯಂತೆ ಕೂತ ಎರಡು ಚಂದ್ರಾಕೃತಿಯ ಮೃದ್ವಸ್ಥಿ ತುಂಡುಗಳು, ಅಂದರೆ ಮೆನಿಸ್ಕಸ್ಸುಗಳು, ಮೈಭಾರವನ್ನು ಹರಡುತ್ತವೆ. ಈ ಕೆಲಸ ವೈದ್ಯರ ಕಣ್ಣಿಗೆ ಬೀಳಲು ತಡವಾಯಿತು. 1883ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಆನಂಡೇಲ್ ಕಿತ್ತುಬಂದಿದ್ದ ಮೆನಿಸ್ಕಸ್ಸನ್ನು ಹೊಲಿದು ಕೂರಿಸಿದ್ದ. ಆದರೂ 1897ರಲ್ಲಿ ಶಸ್ತ್ರವೈದ್ಯ ಬ್ಲಾಂಡ್‌–ಸಟನ್ ಅದನ್ನು ಕಾಲಿನ ಸ್ನಾಯುವಿನ ಕೆಲಸವಿಲ್ಲದ ಅವಶೇಷವೆಂದು ಬರೆದ. ಕೆಲಸವಿಲ್ಲದ್ದನ್ನು ಉಳಿಸಿಕೊಳ್ಳುವುದೇಕೆ? ಹರಿದರೆ ಪೂರ್ತಿ ತೆಗೆದುಹಾಕುವುದೇ ದಶಕಗಳ ಕಾಲ ಚಿಕಿತ್ಸೆಯಾಯಿತು. 1948ರಲ್ಲಿ ಶಸ್ತ್ರವೈದ್ಯ ಫೇರ್‌ಬ್ಯಾಂಕ್, ಅದನ್ನು ತೆಗೆಸಿಕೊಂಡವರ ಎಕ್ಸ್‌ರೇಗಳಲ್ಲಿ ಎಲುಬುಗಳ ನಡುವಿನ ಸಂದು ಕಿರಿದಾಗುವುದನ್ನೂ ಎಲುಬಿನ ಅಂಚು ಬದಲಾಗುವುದನ್ನೂ ತೋರಿಸಿದ. ಆ ತಪ್ಪು ತಿಳಿವಳಿಕೆಗೆ ಎಷ್ಟೋ ಮಂಡಿಗಳು ಬೆಲೆ ತೆತ್ತವು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಗಾಯವನ್ನು ಪತ್ತೆಮಾಡುವ ವಿದ್ಯೆಯಲ್ಲಿ ಕೈಗೆ ಮೊದಲ ಸ್ಥಾನ. ಕಾಲು ಊರಿದಾಗ ಮಂಡಿ ತಿರುಚಿತೇ, ಊತ ಗಂಟೆಯೊಳಗೆ ಬಂತೇ ಮರುದಿನವೇ, ಮಂಡಿ ನಡುವೆಯೇ ಸಿಕ್ಕಿಕೊಂಡು ನೀಟಾಗದೆ ನಿಲ್ಲುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ. ಸಂದಿಯ ಗೆರೆಯುದ್ದಕ್ಕೂ ಬೆರಳಿಟ್ಟು ನೋವು ಹುಡುಕುತ್ತಾರೆ. ಮಡಚಿದ ಮಂಡಿಯನ್ನು ತಿರುಗಿಸುತ್ತ ನೀಟುಮಾಡಿ, ಬೆರಳಡಿಯಲ್ಲಿ ‘ಟಕ್’ ಎನ್ನುತ್ತದೆಯೇ ನೋಡುವ ಪರೀಕ್ಷೆಗೆ ಲಿವರ್‌ಪೂಲಿನ ಮೆಕ್‌ಮರ್ರಿಯ ಹೆಸರಿದೆ. 1918ರಲ್ಲಿ ಟೋಕಿಯೋದ ಕೆಂಜಿ ತಾಕಾಗಿ ಮೂತ್ರಕೋಶ ನೋಡುವ ನಳಿಗೆಯಿಂದ ಶವದ ಮಂಡಿಯೊಳಗೆ ಇಣುಕಿದ. ನಳಿಗೆಯಿಂದ ಸಂದಿಯೊಳಗೆ ನೋಡುವ ಆರ್ತ್ರೋಸ್ಕೋಪಿಯ ಆರಂಭದ ಹೆಜ್ಜೆಗಳಲ್ಲಿ ಅದೊಂದು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣದು, ಎಂ.ಆರ್.ಐ.ಯಲ್ಲಿ ಕಾಣುತ್ತದೆ. ಕಂಡದ್ದೆಲ್ಲ ನೋವಿಗೆ ಕಾರಣವಲ್ಲ: ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ನಡುವಯಸ್ಸು ದಾಟಿದವರ ಮಂಡಿಗಳನ್ನು ನೋಡಿದ 2008ರ ಅಧ್ಯಯನದಲ್ಲಿ, ಮೆನಿಸ್ಕಸ್ ಹರಿದಿದ್ದ ಬಹುಪಾಲು ಜನರಿಗೆ ಹಿಂದಿನ ತಿಂಗಳು ಮಂಡಿನೋವೇ ಇರಲಿಲ್ಲ.

ಕನ್ನಡದಲ್ಲಿ ನಾವು ಇಪ್ಪತ್ತರ ಕಬಡ್ಡಿ ಆಟಗಾರನಿಗೂ ಅರವತ್ತರ ಅಜ್ಜಿಗೂ ‘ಮಂಡಿ ಸವೆದಿದೆ’ ಎಂದುಬಿಡುತ್ತೇವೆ. ಎರಡೂ ಒಂದಲ್ಲ. ತಿರುಚಿ ಹರಿದದ್ದು ರಕ್ತ ಹರಿಯುವ ಹೊರ ಅಂಚಿನಲ್ಲಿದ್ದರೆ ಹೊಲಿಗೆಗೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ರಕ್ತವಿಲ್ಲದ ಒಳಭಾಗದಲ್ಲಾದರೆ ಕಷ್ಟ. ವಯಸ್ಸಿನೊಂದಿಗೆ ಸವೆದು ಬಿಟ್ಟದ್ದಕ್ಕೆ ಸಾಮಾನ್ಯವಾಗಿ ವ್ಯಾಯಾಮವೇ ಮೊದಲ ಮದ್ದು. ವೈದ್ಯರ ಮುಂದೆ ಕೂತಾಗ ‘ಹರಿದಿದೆಯೋ, ಸವೆದಿದೆಯೋ, ಹರಿದಿದ್ದರೆ ಅಂಚಿನಲ್ಲೋ, ಒಳಗೋ’ ಎಂದು ಕೇಳಿ.