ಸ್ಟೆಪ್ನಿ ಕೊಡದ ಕಾರಿಗೆ ಸ್ಟೆಪ್ನಿ, ಜಾಕಿ ಹೊಂದಿಸಬಹುದೇ? ಫಾರ್ವರ್ಡ್‌ಗಳು ಹೇಳದೆ ಬಿಡುವ ವಿಷಯಗಳು

"ಸ್ಟೆಪ್ನಿ ಇಲ್ಲದೆ ಕಾರು ಮಾರುವುದು ಕಾನೂನುಬಾಹಿರ, ಶೋರೂಮಿನವರನ್ನು ಬಿಡಬೇಡಿ." "ಸ್ಟೆಪ್ನಿ ಇಲ್ಲದೆ ಸಿಕ್ಕಿಬಿದ್ದರೆ ದಂಡ ಗ್ಯಾರಂಟಿ." "ಬೋಲ್ಟ್ ಎಣಿಕೆ ಸರಿಯಿದ್ದರೆ ಯಾವ ಕಾರಿನ ಚಕ್ರವೂ ನಡೆಯುತ್ತದೆ." ಹೊಸ ಕಾರು ಕೊಂಡವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇಂಥ ಮಾತುಗಳನ್ನು ನೀವೂ ಓದಿರಬಹುದು. ಮೊದಲಿನ ಎರಡು ಹಳೆಯ ನಿಯಮದ ನೆನಪಿನಲ್ಲಿ ಹುಟ್ಟಿದ ತಪ್ಪು. ಮೂರನೆಯದನ್ನು ನಂಬಿದರೆ ಓಡುವ ಕಾರಿನಿಂದ ಚಕ್ರವೇ ಕಳಚಬಹುದು.

ಮೊದಲು ಕಾನೂನಿನ ವಿಷಯ ಮುಗಿಸೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಒಟ್ಟು ತೂಕ 3.5 ಟನ್ ಮೀರದ ಪ್ರಯಾಣಿಕ ಕಾರಿನಲ್ಲಿ ಟ್ಯೂಬ್‌ಲೆಸ್ ಟೈರ್, ಪಂಚರ್ ರಿಪೇರಿ ಕಿಟ್ ಮತ್ತು ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ಟಿಪಿಎಂಎಸ್ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಬ್ಯಾಟರಿಗೆ, ಸಿಎನ್‌ಜಿ ಸಿಲಿಂಡರಿಗೆ ಜಾಗ ಬೇಕು, ತೂಕವೂ ಇಳಿಯಬೇಕು. ಹಾಗಾಗಿ ಹಲವು ಕಂಪನಿಗಳು, ವಿಶೇಷವಾಗಿ ಎಲೆಕ್ಟ್ರಿಕ್ ಕಾರುಗಳಲ್ಲಿ, ಈ ವಿನಾಯಿತಿ ಬಳಸಿಕೊಂಡಿವೆ. ಆದರೆ ಈ ನಿಯಮ "ಸ್ಟೆಪ್ನಿ ಇಡಬೇಡಿ" ಎಂದು ಎಲ್ಲೂ ಹೇಳುವುದಿಲ್ಲ. ಡಿಕ್ಕಿಯಲ್ಲಿ ಕಟ್ಟಿ ಇಟ್ಟ ಐದನೇ ಚಕ್ರದಿಂದ ಆರ್‌ಸಿಯಲ್ಲಿನ ಯಾವ ವಿವರವೂ ಬದಲಾಗುವುದಿಲ್ಲ. ಹಿಂಬಾಗಿಲಿಗೆ ಬ್ರಾಕೆಟ್ ಬೆಸುಗೆ ಹಾಕಿಸಿ ನಂಬರ್ ಪ್ಲೇಟ್, ಲೈಟು ಮುಚ್ಚಿದರೆ ಅದು ಬೇರೆಯೇ ಕಥೆ.

ಅಂದಹಾಗೆ, ಸ್ಟೆಪ್ನಿ ಎಂಬ ಪದ ಹುಟ್ಟಿದ್ದೇ ಹೀಗೆ. 1900ರ ಆಸುಪಾಸಿನ ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆಯೇ ಮಾರಾಟವಾಗುತ್ತಿದ್ದವು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲ್ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು 1904ರಲ್ಲಿ, ಪಂಚರ್ ಆದ ಚಕ್ರಕ್ಕೆ ಹೊರಗಿನಿಂದ ಬಿಗಿದುಕೊಳ್ಳುವ ಗಾಳಿ ತುಂಬಿದ ರಿಮ್ ತಯಾರಿಸಿದರು. ಬೀದಿಯ ಹೆಸರೇ ಚಕ್ರಕ್ಕೆ ಬಂತು. ಇಂಗ್ಲಿಷರು ಆ ಪದವನ್ನು ಮರೆತರೂ ನಮ್ಮ ಪಂಚರ್ ಅಂಗಡಿಗಳಲ್ಲಿ ಅದು ಇಂದಿಗೂ ಉಳಿದಿದೆ.

ಕಿಟ್ ಇದ್ದರೆ ಸಾಲದೇ?

ಕೆಲವರಿಗೆ ಸಾಕು. ಕಂಪನಿ ಕೊಡುವ ಕಿಟ್‌ನಲ್ಲಿ ಸೀಲೆಂಟ್ ಎಂಬ ಅಂಟು ದ್ರವದ ಬಾಟಲಿ ಮತ್ತು 12 ವೋಲ್ಟಿನ ಗಾಳಿ ಪಂಪು ಇರುತ್ತದೆ. ದ್ರವ ಟೈರಿನೊಳಗೆ ಹರಡಿ ಸಣ್ಣ ತೂತನ್ನು ಮುಚ್ಚುತ್ತದೆ. ಟೈರ್ ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿ ಆದ, ಸುಮಾರು 4ರಿಂದ 6 ಮಿಲಿಮೀಟರ್ ಒಳಗಿನ ತೂತಿಗೆ ಇದು ಕೆಲಸ ಮಾಡುತ್ತದೆ. ಟೈರಿನ ಪಕ್ಕ, ಅಂದರೆ ಸೈಡ್‌ವಾಲ್ ಸೀಳಿದ್ದರೆ, ರಿಮ್ ಬಗ್ಗಿದ್ದರೆ ಅಥವಾ ಟೈರ್ ಬ್ಲಾಸ್ಟ್ ಆಗಿದ್ದರೆ ಕಿಟ್‌ನಿಂದ ಏನೂ ಆಗದು. ಸೈಡ್‌ವಾಲ್ ಸೀಳನ್ನು ಪಂಚರ್ ಅಂಗಡಿಯಲ್ಲೂ ಸುರಕ್ಷಿತವಾಗಿ ಹಾಕಲಾಗುವುದಿಲ್ಲ.

ತುಮಕೂರು ಕಡೆಯವರು ಈ ವ್ಯತ್ಯಾಸವನ್ನು ತಮ್ಮ ಓಡಾಟಕ್ಕೆ ಹೋಲಿಸಿ ನೋಡಬೇಕು. ಅಂತರಸನಹಳ್ಳಿಯಲ್ಲಿ ಮನೆ, ಕೆಲಸ ಅಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಅಥವಾ ಪೇಟೆಯೊಳಗೆ ಎಂದಾದರೆ ಆಗುವ ಪಂಚರ್ ಬಹುತೇಕ ಮೊಳೆಯದು, ಹತ್ತಿರದಲ್ಲೇ ಅಂಗಡಿಯೂ ಸಿಗುತ್ತದೆ. ಅಂಥವರು ಸ್ಟೆಪ್ನಿಗೆ ಖರ್ಚು ಮಾಡದಿದ್ದರೂ ನಡೆಯುತ್ತದೆ. ಆದರೆ ವಾರಕ್ಕೊಮ್ಮೆ ಗುಬ್ಬಿ, ಕುಣಿಗಲ್ ಕಡೆಯ ತೋಟದ ದಾರಿಗೆ ಕಾರು ಇಳಿಸುವವರಿಗೆ ಚೂಪು ಕಲ್ಲು, ಗುಂಡಿಯ ಅಂಚು ಕುಯ್ಯುವುದು ಸೈಡ್‌ವಾಲನ್ನೇ. ರಾತ್ರಿ ಶಿರಾ ಕಡೆಯಿಂದ ಹೆದ್ದಾರಿ 48ರಲ್ಲಿ ಮಕ್ಕಳೊಂದಿಗೆ ಬರುತ್ತಿದ್ದೀರಿ, ಟೈರ್ ಸೀಳಿತು ಎಂದುಕೊಳ್ಳಿ. ಲಾರಿಗಳು ಸಾಲಾಗಿ ಹೋಗುವ ಆ ರಸ್ತೆಯ ಅಂಚಿನಲ್ಲಿ ಟೋಯಿಂಗ್ ಗಾಡಿಗಾಗಿ ಕಾಯುವ ಪ್ರತಿ ನಿಮಿಷವೂ ಅಪಾಯವೇ. ಇಂಥ ಓಡಾಟ ಇರುವವರಿಗೆ ಸ್ಟೆಪ್ನಿ ಬೇಕು ಎಂಬುದು ನಮ್ಮ ಅಭಿಪ್ರಾಯ.

ಚಕ್ರ ಹೊಂದುತ್ತದೆಯೇ? ಬೋಲ್ಟ್ ಎಣಿಸಿದರೆ ಗೊತ್ತಾಗದು

ಅತಿ ಸುಲಭದ ದಾರಿ, ನಿಮ್ಮ ಕಾರಿಗೆ ಬಂದ ಅಳತೆಯದೇ ಐದನೇ ರಿಮ್ ಮತ್ತು ಟೈರ್ ಕೊಳ್ಳುವುದು. ಅಲಾಯ್ ದುಬಾರಿ ಎನಿಸಿದರೆ ಅದೇ ಮಾದರಿಯ ಕೆಳಗಿನ ವೇರಿಯಂಟ್‌ಗೆ ಬರುವ ಕಬ್ಬಿಣದ ರಿಮ್ ಇದೆಯೇ ಎಂದು ಬಿಡಿಭಾಗದ ಕೌಂಟರಿನಲ್ಲಿ ಕೇಳಿ. ಬೇರೆ ಕಾರಿನದು ಅಥವಾ ಸೆಕೆಂಡ್ ಹ್ಯಾಂಡ್ ತರುವುದಾದರೆ ಮಾತ್ರ ಮುಂದಿನ ಲೆಕ್ಕವೆಲ್ಲ ಬೇಕಾಗುತ್ತದೆ.

ರಿಮ್‌ನ ಬೋಲ್ಟ್ ತೂತುಗಳು ಒಂದು ವೃತ್ತದ ಮೇಲೆ ಇರುತ್ತವೆ. 4×100 ಎಂದರೆ 4 ತೂತು, ವೃತ್ತದ ವ್ಯಾಸ 100 ಮಿ.ಮೀ. ಮೆಕ್ಯಾನಿಕ್‌ಗಳು ಇದನ್ನು ಪಿಸಿಡಿ ಎನ್ನುತ್ತಾರೆ. ಮಾರುತಿ ಸ್ವಿಫ್ಟ್‌ನದು 4×100. ಹಳೆಯ ಫಿಯಟ್ ಕಾರುಗಳದು 4×98. ಕಣ್ಣಿಗೆ ಎರಡೂ ಒಂದೇ. ಒತ್ತಾಯದಿಂದ ನಟ್ ಏರಲೂಬಹುದು. ಆದರೆ ಆ 2 ಮಿ.ಮೀ. ವ್ಯತ್ಯಾಸದಿಂದ ನಟ್ ತನ್ನ ಗುಳಿಯಲ್ಲಿ ಪೂರ್ತಿ ಕೂರುವುದಿಲ್ಲ, ಬೋಲ್ಟ್ ಒಂದು ಪಕ್ಕಕ್ಕೆ ಜಗ್ಗುತ್ತಿರುತ್ತದೆ. ಓಡುವಾಗಿನ ಅದುರಿಗೆ ನಟ್ ಸಡಿಲಾಗುವುದು, ಬೋಲ್ಟ್ ತುಂಡಾಗುವುದು ಹೀಗೆ. "ಬಿಗಿಯಾಯಿತಲ್ಲ, ನಡೆಯುತ್ತೆ ಬಿಡಿ" ಎಂಬ ಮಾತನ್ನು ಇಲ್ಲಿ ಒಪ್ಪಬೇಡಿ.

ನಡುವಿನ ದೊಡ್ಡ ತೂತು ಹಬ್‌ಗೆ ಹೊಂದಬೇಕು. ರಿಮ್ ಒಳಕ್ಕೆ ಎಷ್ಟು ಕೂರುತ್ತದೆ ಎಂಬ ಅಳತೆಗೆ ಆಫ್‌ಸೆಟ್ ಎನ್ನುತ್ತಾರೆ, ರಿಮ್ ಮೇಲೆ "ಇಟಿ" ಎಂಬ ಗುರುತಿನ ಮುಂದೆ ಆ ಅಂಕೆ ಇರುತ್ತದೆ. ಅದು ತಪ್ಪಿದರೆ ಚಕ್ರ ಸಸ್ಪೆನ್ಷನ್‌ಗೆ ಅಥವಾ ಫೆಂಡರಿಗೆ ಉಜ್ಜುತ್ತದೆ. ಅಲಾಯ್‌ನ ನಟ್ ಕಬ್ಬಿಣದ ರಿಮ್‌ಗೆ ಸರಿಯಾಗಿ ಕೂರದೆಯೂ ಇರಬಹುದು, ಆಗ ಸರಿಯಾದ ನಟ್‌ಗಳ ಒಂದು ಸೆಟ್ ಸ್ಟೆಪ್ನಿಯ ಜೊತೆಗೇ ಚೀಲದಲ್ಲಿರಲಿ.

ಇನ್ನು ಟೈರಿನ ಎತ್ತರ. ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಟೈರಿನ ಮೇಲೆ 185/65 ಆರ್15 ಎಂದಿದ್ದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ಅಂದರೆ 120.25 ಮಿ.ಮೀ. ಮೇಲೆ ಕೆಳಗೆ ಸೇರಿ 240.5. ರಿಮ್ 15 ಇಂಚು, ಅಂದರೆ 381 ಮಿ.ಮೀ. ಒಟ್ಟು 621.5. ಈಗ 165/80 ಆರ್14 ನೋಡಿ: 264 ಮತ್ತು 355.6 ಕೂಡಿದರೆ 619.6. ರಿಮ್ ಒಂದು ಇಂಚು ಚಿಕ್ಕದಾದರೂ ಚಕ್ರದ ಎತ್ತರ ಬಹುತೇಕ ಒಂದೇ! ಇಂಥ ಚಿಕ್ಕ ರಿಮ್ ಹಗುರ, ಡಿಕ್ಕಿಯಲ್ಲಿ ಜಾಗವೂ ಉಳಿಯುತ್ತದೆ. ಆದರೆ ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ 14 ಇಂಚಿನ ರಿಮ್‌ನೊಳಗೆ ಹಿಡಿಯುತ್ತದೆಯೇ ಎಂಬುದನ್ನು ಯಾವ ಕ್ಯಾಲ್ಕುಲೇಟರೂ ಹೇಳದು. ತೊಡಿಸಿಯೇ ನೋಡಬೇಕು. ಒಟ್ಟು ಎತ್ತರದ ವ್ಯತ್ಯಾಸ ಶೇ. 3 ಮೀರಬಾರದು ಎಂಬುದು ರೂಢಿಯ ಮಿತಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಅಷ್ಟು ವ್ಯತ್ಯಾಸವೂ ಬೇಡ, ಅದೇ ಅಳತೆಯೇ ಇರಲಿ.

ಆದ್ದರಿಂದ ದುಡ್ಡು ಕೊಡುವ ಮುನ್ನ ಚಕ್ರವನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾಕಿಸಿ ಕೈಯಲ್ಲಿ ತಿರುಗಿಸಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಎಲ್ಲಾದರೂ ಉಜ್ಜುತ್ತದೆಯೇ ನೋಡಿ. ಗುಜರಿಯ ರಿಮ್ ಆದರೆ ಬಿರುಕು, ಬೆಸುಗೆ ಗುರುತು ಹುಡುಕಿ. ಟೈರಿನ ಪಕ್ಕದಲ್ಲಿ "ಡಿಒಟಿ" ಸಾಲಿನ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಒಮ್ಮೆಯೂ ರಸ್ತೆಗೆ ಇಳಿಯದ ಟೈರಿನ ರಬ್ಬರ್ ಕೂಡ ವಯಸ್ಸಾದಂತೆ ಗಡಸಾಗಿ ಬಿರುಕು ಬಿಡುತ್ತದೆ. ನೋಡಲು ಹೊಸದಿದೆ ಎಂದು ಹತ್ತು ವರ್ಷದ ಟೈರ್ ತರಬೇಡಿ.

ಜಾಕಿ: ಕಾರಿನ ತೂಕಕ್ಕಿಂತ ಎತ್ತರದ ಲೆಕ್ಕ ತಪ್ಪುವುದೇ ಹೆಚ್ಚು

ಜಾಕಿ ಎತ್ತುವುದು ಕಾರಿನ ಒಂದು ಮೂಲೆಯನ್ನು ಮಾತ್ರ. ಹಾಗಾಗಿ ಸಣ್ಣ ಕಾರಿಗೆ 1 ಟನ್ನಿನ ಜಾಕಿ ಸಾಕಾಗುತ್ತದೆ, ದೊಡ್ಡ ಕಾರು ಮತ್ತು ಭಾರದ ಎಲೆಕ್ಟ್ರಿಕ್ ಕಾರಿಗೆ 1.5ರಿಂದ 2 ಟನ್ನಿನದು ಇರಲಿ. ಜನ ಮರೆಯುವುದು ಬೇರೆ ವಿಷಯ. ಟೈರ್ ಪೂರ್ತಿ ಇಳಿದಾಗ ಕಾರಿನ ಅಂಚೂ ಕೆಳಗೆ ಬರುತ್ತದೆ. ಲಾರಿಗೆ ಬಳಸುವಂಥ ನಿಲುವು ಬಾಟಲ್ ಜಾಕಿ ಆಗ ಅಡಿಗೆ ತೂರುವುದೇ ಇಲ್ಲ. ತೂರಿದರೂ ಅದರ ದುಂಡು ತಲೆ ಕಾರಿನ ಅಂಚಿನ ತೆಳು ತಗಡಿನಿಂದ ಜಾರುತ್ತದೆ. ಕಾರಿನ ಅಂಚಿಗೆ ಹೊಂದುವ ಗಾಡಿ ತಲೆಯಿರುವ, ಸ್ಕ್ರೂ ತಿರುಗಿಸಿ ಎತ್ತುವ ಕತ್ತರಿ ಜಾಕಿ ಒಳ್ಳೆಯದು.

ಎಲ್ಲಿ ಇಡಬೇಕು ಎಂಬುದು ಕಾರಿನ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ನೆಲದಡಿ ಹರಡಿರುವುದು ಬ್ಯಾಟರಿ. ಅದರ ಕವಚಕ್ಕೆ ಜಾಕಿ ಕೊಟ್ಟು ಕಾರು ಎತ್ತಿದರೆ ಸೆಲ್‌ಗಳಿಗೆ ಪೆಟ್ಟಾಗಿ ಬೆಂಕಿಯ ಅಪಾಯವಿದೆ, ಬ್ಯಾಟರಿಯ ವಾರಂಟಿಗೂ ಕುತ್ತು. ಜಾಕಿಯ ಜೊತೆಗೆ ನಿಮ್ಮ ನಟ್‌ನ ಅಳತೆಯ ವೀಲ್ ಸ್ಪ್ಯಾನರ್, ಒಂದಡಿ ಅಗಲದ ಗಟ್ಟಿ ಹಲಗೆ ಬೇಕು. ಮಳೆಗಾಲದಲ್ಲಿ ರಸ್ತೆ ಪಕ್ಕದ ಮೆತ್ತನೆ ಮಣ್ಣಿನಲ್ಲಿ ಕಾರು ಏರುವ ಬದಲು ಜಾಕಿಯೇ ಇಳಿಯುತ್ತದೆ. ಹಲಗೆ ಬೇಕಾಗುವುದು ಆಗ.

ಡಿಕ್ಕಿಯಲ್ಲಿ ಸುಮ್ಮನೆ ಇಡಬೇಡಿ

ಅನೇಕರು ಎಡವುವುದು ಇಲ್ಲಿಯೇ. ಸ್ಟೆಪ್ನಿಯ ತೂಕ 15 ಕೆ.ಜಿ. ಆಸುಪಾಸು. ಗಂಟೆಗೆ 80 ಕಿ.ಮೀ. ವೇಗದ ಕಾರು ಏನಕ್ಕಾದರೂ ಗುದ್ದಿ ಗಕ್ಕನೆ ನಿಂತರೆ ಕಟ್ಟದ ಚಕ್ರ ಅದೇ ವೇಗದಲ್ಲಿ ಮುಂದೆ ಬರುತ್ತದೆ. ಅದು ಸುಮಾರು 25 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ. ಕಲ್ಪತರು ನಾಡಿನವರಿಗೆ ಹೇಳುವುದಾದರೆ, ತುಂಬ ಎತ್ತರದ ತೆಂಗಿನ ಮರದ ಸುಳಿಯಿಂದ 15 ಕೆ.ಜಿ.ಯ ಚಕ್ರ ಬಿದ್ದ ಹಾಗೆ. ಮುಂದೆ ಇರುವುದು ಹಿಂದಿನ ಸೀಟು, ಸಾಮಾನ್ಯವಾಗಿ ಮಕ್ಕಳು ಕೂರುವ ಜಾಗ.

ಡಿಕ್ಕಿಯ ಹಾಸು ಎತ್ತಿ ನೋಡಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿಯ ಗುಂಡಿ, ನಡುವೆ ಬೋಲ್ಟ್ ಹಾಕುವ ತೂತು ಹಾಗೆಯೇ ಇರುತ್ತವೆ, ಥರ್ಮಾಕೋಲಿನ ಪೆಟ್ಟಿಗೆ ಮಾತ್ರ ತುಂಬಿರುತ್ತಾರೆ. ಹಾಗಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಚಕ್ರವನ್ನು ಮಲಗಿಸಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಟ್ಟು, ಡಿಕ್ಕಿಯ ನೆಲದಲ್ಲಿ ಕಂಪನಿಯೇ ಕೊಟ್ಟ ಕೊಕ್ಕೆಗಳಿಗೆ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ. ಜಾಕಿ, ಸ್ಪ್ಯಾನರ್ ಕೂಡ ಚೀಲದಲ್ಲಿ ಕಟ್ಟಿರಲಿ. ಕೊಕ್ಕೆ ಇಲ್ಲವೆಂದು ನೆಲಕ್ಕೆ ಡ್ರಿಲ್ ಹಾಕಿಸುವುದು ಬೇಡ, ಕೆಳಗೆ ಪೆಟ್ರೋಲ್ ಟ್ಯಾಂಕ್ ಅಥವಾ ಹೈ ವೋಲ್ಟೇಜ್ ಕೇಬಲ್ ಇರಬಹುದು. ಸಿಎನ್‌ಜಿ ಸಿಲಿಂಡರಿಗೆ ಹಗ್ಗ, ಬೆಲ್ಟು ಯಾವುದನ್ನೂ ಸುತ್ತಬಾರದು.

ರಸ್ತೆಯಲ್ಲಿ ಬಳಸುವಾಗ

ಹೆದ್ದಾರಿಯಲ್ಲಿ ಟೈರ್ ಇಳಿದರೆ ಬ್ರೇಕನ್ನು ಜೋರಾಗಿ ಒತ್ತದೆ ನಿಧಾನಕ್ಕೆ ಎಡಕ್ಕೆ ತನ್ನಿ. ಸರ್ವೀಸ್ ರಸ್ತೆ, ಪೆಟ್ರೋಲ್ ಬಂಕ್ ಕಣ್ಣಳತೆಯಲ್ಲಿದ್ದರೆ ಟೈರ್ ಹಾಳಾದರೂ ಚಿಂತೆಯಿಲ್ಲ, ನಿಧಾನವಾಗಿ ಅಲ್ಲಿಗೇ ಹೋಗಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಬಲಗಡೆಯ ಚಕ್ರ ಬದಲಿಸಲು ಲಾರಿಗಳಿಗೆ ಬೆನ್ನು ಮಾಡಿ ಕೂರುವಂತಿದ್ದರೆ ಆ ಸಾಹಸ ಬೇಡ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಬದಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಕಾರು ಎತ್ತುವ ಮೊದಲೇ ನಟ್‌ಗಳನ್ನು ಸಡಿಲಿಸಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನಡಿ ಮಲಗಿಸಿಡಿ. ಜಾಕಿ ಜಾರಿದರೆ ಕಾರು ಅದರ ಮೇಲೆ ನಿಲ್ಲುತ್ತದೆ, ನಿಮ್ಮ ಕೈ ಉಳಿಯುತ್ತದೆ. ನಟ್‌ಗಳನ್ನು ಒಂದರ ಎದುರಿನದೊಂದು ಎಂಬಂತೆ ಬಿಗಿಯಿರಿ. ಎಷ್ಟು ಬಿಗಿ ಎಂಬುದು ಕೈಪಿಡಿಯಲ್ಲಿದೆ, ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್. ಅಂದರೆ ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 40 ಕೆ.ಜಿ. ಭಾರ ಬಿಟ್ಟಷ್ಟು. 80 ಕೆ.ಜಿ.ಯ ವ್ಯಕ್ತಿ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಅದರ ಎರಡರಷ್ಟಾಗುತ್ತದೆ, ಬೋಲ್ಟ್ ಹಿಗ್ಗುತ್ತದೆ.

ಸ್ಟೆಪ್ನಿಯ ಅಳತೆ ಬೇರೆಯಾಗಿದ್ದು, ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರಾಗಿದ್ದು, ಮುಂದಿನ ಟೈರೇ ಹೋಗಿದ್ದರೆ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಿ. ಕೆಲಸ ಎರಡಾಗುತ್ತದೆ, ಆದರೆ ಸ್ಟೀರಿಂಗ್, ಬ್ರೇಕು ಹಿಡಿತದಲ್ಲಿರುತ್ತವೆ. ಆಮೇಲೆ 80 ಕಿ.ಮೀ. ಮೀರಬೇಡಿ. ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲವಾದ್ದರಿಂದ ಟಿಪಿಎಂಎಸ್ ದೀಪ ಉರಿಯುತ್ತಲೇ ಇರಬಹುದು, ಅದಕ್ಕೆ ಗಾಬರಿ ಬೇಡ. ಸುಮಾರು 50 ಕಿ.ಮೀ. ಓಡಿದ ಮೇಲೆ ಒಮ್ಮೆ ನಿಲ್ಲಿಸಿ ನಟ್‌ಗಳನ್ನು ಮತ್ತೆ ಬಿಗಿ ಮಾಡಿ.

ಸ್ಟೆಪ್ನಿ ಬಂತೆಂದು ಕಂಪನಿಯ ಕಿಟ್ ತೆಗೆದು ಅಟ್ಟಕ್ಕೆ ಎಸೆಯಬೇಡಿ. ತಿಂಗಳಿಗೊಮ್ಮೆ ಸ್ಟೆಪ್ನಿಗೆ ಗಾಳಿ ತುಂಬಲು ಅದೇ ಪಂಪು ಬೇಕು. ಸೀಲೆಂಟ್ ಬಾಟಲಿಯ ಮೇಲಿನ ಎಕ್ಸ್‌ಪೈರಿ ದಿನಾಂಕವನ್ನೂ ಆಗಲೇ ನೋಡಿ.